ಬೈಲಹೊಂಗಲದ ಹದಿನಾರನೆಯ ಸುತ್ತು

ನಾನು ನಿಂತಿದ್ದದ್ದು ಓಟದ ಗೆರೆಯಿಂದ ನಾಲ್ಕು ಹೆಜ್ಜೆ ಒಳಗೆ, ಸುತ್ತುದಾರಿಯ ನಡುವಿನ ಹುಲ್ಲಿನ ಮೇಲೆ. ಜಾಗ ಬೈಲಹೊಂಗಲದ ಒಂದು ಪ್ರೌಢಶಾಲೆಯ ಮೈದಾನ. ನಾಲ್ಕು ವರ್ಷದ ಹಿಂದೆ, ಶ್ರಾವಣ ಮುಗಿದ ಮೇಲಿನ ಮೊದಲ ಶನಿವಾರ. ಓಟಕ್ಕೆ ಸೀಟಿ ಊದಿದಾಗ ನನ್ನ ಫೋನಿನಲ್ಲಿ ಹತ್ತು ಗಂಟೆ ಐವತ್ತೆರಡು ನಿಮಿಷವಾಗಿತ್ತು. ನನ್ನ ಎದುರಿಗೆ, ದಾರಿಯ ಆಚೆ ಬದಿಗೆ, ಎಣಿಕೆಯವರ ಮೇಜು. ಅದರ ಮೇಲೆ ಶಾಲೆಯ ಹಿತ್ತಾಳೆ ಗಂಟೆ. ನನ್ನ ಎಡಕ್ಕೆ ಇಪ್ಪತ್ತು ಹೆಜ್ಜೆ ದೂರ, ತಿರುವು ಶುರುವಾಗುವಲ್ಲಿ, ರಾಮದುರ್ಗ ತಾಲೂಕಿನ ಕಟಕೋಳದ ಕಡೆಯಿಂದ ಬಂದಿದ್ದ ದೈಹಿಕ ಶಿಕ್ಷಕಿ ನಿಂತಿದ್ದರು. ಅಂದು ಯಾರು ಎಲ್ಲಿಂದ ಏನು ನೋಡಿದರು ಎಂಬುದು ಮುಂದೆ ಮುಖ್ಯವಾಗುತ್ತದೆ. ಅದಕ್ಕೇ ಇಷ್ಟನ್ನು ಮೊದಲು ಹೇಳಿಬಿಡುತ್ತಿದ್ದೇನೆ.

ನಾನು ಗಣಿತದ ಶಿಕ್ಷಕ. ಸವದತ್ತಿ ತಾಲೂಕಿನಲ್ಲಿ, ಉಗರಗೋಳದ ಸಮೀಪದ ಸರಕಾರಿ ಪ್ರೌಢಶಾಲೆ ನಮ್ಮದು. ದೈಹಿಕ ಶಿಕ್ಷಕರ ಹುದ್ದೆ ಬಹಳ ದಿನ ಖಾಲಿ ಇದ್ದುದರಿಂದ ಆಟದ ಕೆಲಸವೂ ನನಗೇ ಬಂದಿತ್ತು. ಅದರ ಜೊತೆಗೆ ಇನ್ನೊಂದು: ತಿಂಗಳಿಗೊಮ್ಮೆ ಸುತ್ತಲಿನ ಶಾಲೆಗಳ ಸುದ್ದಿ ಒಟ್ಟು ಮಾಡಿ ಪತ್ರಿಕೆಗೆ ಕಳಿಸುವುದು. ಜೋಳದ ಹೊಲದಲ್ಲಿ ಹಕ್ಕಿ ಓಡಿಸುವ ಗಾಳಿಚಕ್ರವನ್ನು ಹಳೆಯ ಸೈಕಲ್ಲಿನ ಸಾಮಾನಿನಿಂದ ಮಾಡಿದ ಎಂಟನೆಯ ತರಗತಿಯ ಹುಡುಗನ ಮಾದರಿ ವಿಜ್ಞಾನ ಮೇಳಕ್ಕೆ ಆಯ್ಕೆಯಾದದ್ದು, ವಿದ್ಯಾರ್ಥಿವೇತನದ ಪರೀಕ್ಷೆಯಲ್ಲಿ ಒಂದೇ ಓಣಿಯ ಮೂವರು ಹುಡುಗಿಯರು ಪಾಸಾದದ್ದು, ಕಿತ್ತೂರಿನ ಭಾಷಣ ಸ್ಪರ್ಧೆಯಲ್ಲಿ ನಮ್ಮ ತೊದಲು ಮಾತಿನ ಹುಡುಗನೊಬ್ಬ ಸಮಾಧಾನಕರ ಬಹುಮಾನ ತಂದದ್ದು, ಎಲ್ಲವನ್ನೂ ನಾನು ಕಳಿಸಿದ್ದೇನೆ. ಮೂರು ಸಾಲಿಗಿಂತ ಹೆಚ್ಚು ಅವರು ಹಾಕುವುದಿಲ್ಲ. ಆ ಶನಿವಾರದ ಓಟವನ್ನೂ ಮೂರೇ ಸಾಲಿನಲ್ಲಿ ಕಳಿಸಿದ್ದೆ. ಕಟಕೋಳದ ವಿದ್ಯಾರ್ಥಿನಿ ಪ್ರಥಮ, ಉಗರಗೋಳದ ವಿದ್ಯಾರ್ಥಿನಿ ದ್ವಿತೀಯ. ಸುದ್ದಿ ಸರಿಯಾಗಿಯೇ ಇತ್ತು. ಆದರೆ ಆ ಎರಡು ಸ್ಥಾನಗಳು ಹೇಗೆ ಗೊತ್ತಾದವು ಎಂಬುದು ಅದರಲ್ಲಿ ಇರಲಿಲ್ಲ.

ಉಗರಗೋಳದ ಹುಡುಗಿ ಆಗ ಒಂಬತ್ತನೆಯ ತರಗತಿ. ಎಲ್ಲಮ್ಮನ ಗುಡ್ಡದ ದಾರಿಯಲ್ಲಿ ಅವಳ ಮನೆಯವರದೊಂದು ಕಾಯಿ-ಕರ್ಪೂರದ ಅಂಗಡಿ. ಹುಣ್ಣಿಮೆಯ ಗದ್ದಲದಲ್ಲಿ ಕಾಯಿಯ ಬುಟ್ಟಿ ಹೊತ್ತು ಕೆಳಗಿನಿಂದ ಮೇಲಕ್ಕೆ ಓಡಿ ಓಡಿಯೇ ಅವಳಿಗೆ ಓಟ ಬಂದದ್ದು. ಬೂಟು ಕೊಡಿಸಿದರೆ ಹಾಕುತ್ತಿರಲಿಲ್ಲ. “ಬೂಟ ಹಾಕ್ಕೊಂಡ್ರ ನೆಲ ಎಲ್ಲೈತಿ ಅಂತ ಕಾಲಿಗೆ ಗೊತ್ತಾಗಾಂಗಿಲ್ರೀ ಸರ್” ಎನ್ನುತ್ತಿದ್ದಳು. ಶಾಲೆಯ ಮೈದಾನದಲ್ಲಿ ಓಡಿಸುವಾಗ ಪ್ರತಿ ಸುತ್ತಿಗೂ “ಎಷ್ಟಾತ್ರಿ?” ಎಂದು ಕೂಗಿ ಕೇಳುವ ಚಟ ಅವಳಿಗಿತ್ತು. ಕೂಗಿದರೆ ಉಸಿರು ಕೆಡುತ್ತದೆ ಎಂದು, ಬೆರಳಿನ ಗೆರೆಗಳ ಮೇಲೆ ಹೆಬ್ಬೆರಳು ಸರಿಸುತ್ತ ಎಣಿಸುವುದನ್ನು ಹೇಳಿಕೊಟ್ಟೆ. ನಾಲ್ಕು ಬೆರಳು, ಬೆರಳಿಗೆ ಮೂರು ಗೆರೆ, ಹನ್ನೆರಡು. ಮತ್ತೆ ಮೊದಲ ಬೆರಳು ಮುಗಿದರೆ ಹದಿನೈದು. ಅವಳು ಅದನ್ನು ಎಷ್ಟು ರೂಢಿ ಮಾಡಿಕೊಂಡಳೆಂದರೆ ಪರೀಕ್ಷೆಯಲ್ಲಿ ಲೆಕ್ಕ ಬಿಡಿಸುವಾಗಲೂ ಹೆಬ್ಬೆರಳು ಆಡುತ್ತಿತ್ತು.

ಅಂದಿನ ಕ್ರೀಡಾಕೂಟಕ್ಕೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ನಾಲ್ಕೂ ಕಡೆಯ ಶಾಲೆಗಳು ಬಂದಿದ್ದವು. ಹುಡುಗಿಯರ ಮೂರು ಸಾವಿರ ಮೀಟರ್ ಓಟದಲ್ಲಿ ಮೊದಲು ಬಂದವಳ ಹೆಸರು ಕ್ರೀಡಾ ವಸತಿ ಶಾಲೆಯ ಆಯ್ಕೆಗೆ ಹೋಗುವುದಿತ್ತು. ಒಬ್ಬಳದೇ ಹೆಸರು. ಅಲ್ಲಿ ತರಬೇತುದಾರರಿದ್ದಾರೆ, ಸರಿಯಾದ ಊಟವಿದೆ, ಮಣ್ಣಿನದಲ್ಲದ ಓಟದ ದಾರಿಯಿದೆ. ಗಣಿತದ ಮಾಸ್ತರ ಕೊಡಲಾರದ್ದೆಲ್ಲ ಅಲ್ಲಿತ್ತು. ಆ ಹೆಸರು ನಮ್ಮ ಹುಡುಗಿಯದಾಗಬೇಕೆಂದು ನಾನು ಒಂದು ವರ್ಷದಿಂದ ಆಸೆ ಇಟ್ಟುಕೊಂಡಿದ್ದೆ. ನನ್ನ ಆಸೆ ಅವಳದಕ್ಕಿಂತ ದೊಡ್ಡದಿತ್ತೋ ಏನೋ ಎಂದು ಈಗ ಅನಿಸುತ್ತದೆ.

ಮೈದಾನದ ದಾರಿ ಇನ್ನೂರು ಮೀಟರಿನದು. ಹದಿನೈದು ಸುತ್ತು ಓಡಬೇಕು. ಒಂಬತ್ತು ಹುಡುಗಿಯರು. ಸುತ್ತು ಬರೆದುಕೊಳ್ಳಲು ಮೇಜಿನ ಹತ್ತಿರ ಆ ಊರಿನ ಶಿಕ್ಷಕರೊಬ್ಬರು ಕೂತಿದ್ದರು. ಸೀಟಿಗೆ ಇನ್ನೂ ಒಂದು ನಿಮಿಷವಿರುವಾಗ ಉದ್ದ ಜಿಗಿತದ ಹೊಂಡದ ಕಡೆ ಗಲಾಟೆ ಎದ್ದಿತು. ಯಾರದೋ ಕಾಲು ಹಲಗೆ ದಾಟಿತ್ತು, ದಾಟಿರಲಿಲ್ಲ ಎಂದು ಎರಡು ಶಾಲೆಯವರು ಅಂಗಿ ಹಿಡಿದುಕೊಳ್ಳುವವರೆಗೆ ಹೋಗಿದ್ದರು. ಬರೆಯುವ ಶಿಕ್ಷಕರು ಎದ್ದು, ಪಕ್ಕದಲ್ಲಿ ಕೂತಿದ್ದ ಶಾಲಾ ಸಮಿತಿಯ ಹಿರಿಯರಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

“ಅಜ್ಜಾರ, ಎಲ್ಲಾರಿಗಿಂತ ಮುಂದಿನಾಕಿ ಗೆರಿ ದಾಟಿದಾಗೊಮ್ಮೆ ಒಂದೊಂದು ಎಣಸ್ರಿ. ಹದಿನಾಲ್ಕಾತಂದ್ರ ಗಂಟಿ ಬಾರಸ್ರಿ, ಹದಿನೈದಕ್ಕ ಮುಗೀತು. ನಾ ಈಗ ಬಂದೆ.”

“ಹೋಗಪಾ, ಎಣಸೂದು ನನಗ ಕಲಸ್ತೀಯೇನು” ಎಂದರು ಹಿರಿಯರು.

ಅವರು ಒಕ್ಕಲುತನದ ಮನೆತನದವರು. ಸುಗ್ಗಿಯಲ್ಲಿ ಕಣದ ರಾಶಿ ಅಳೆಯಲು ಸುತ್ತಲಿನ ಊರವರು ಅವರನ್ನೇ ಕರೆಯುತ್ತಿದ್ದರಂತೆ. ಪೆನ್ನು ಮುಟ್ಟಲಿಲ್ಲ. ಬಗ್ಗಿ ನೆಲದಿಂದ ಒಂದು ಹಿಡಿ ಹರಳು ಆರಿಸಿ ಮಡಿಲಲ್ಲಿಟ್ಟುಕೊಂಡರು. ಬರೆಯುವ ಶಿಕ್ಷಕರು ಓಟ ಮುಗಿಯುವವರೆಗೂ ತಿರುಗಿ ಬರಲಿಲ್ಲ.

ಹಿರಿಯರು ಮೊದಲ ಹರಳನ್ನು ಎಲ್ಲಿಟ್ಟರೆಂದು ನಾನು ನೋಡಲಿಲ್ಲ. ನನ್ನ ಕಣ್ಣು ಹುಡುಗಿಯ ಮೇಲಿತ್ತು. ನಾನು ಫೋನಿನ ಗಡಿಯಾರ ಓಡಿಸಿ, ಅವಳು ಗೆರೆ ದಾಟಿದಾಗೊಮ್ಮೆ ಗುಂಡಿ ಒತ್ತುತ್ತಿದ್ದೆ. ಒತ್ತಿದಾಗೊಮ್ಮೆ ಒಂದು ಸಂಖ್ಯೆ ಮೇಲೆ ಬರುತ್ತದೆ. ಆರನೆಯ ಸುತ್ತಿಗೆ ಉಳಿದವರು ಹಿಂದೆ ಬಿದ್ದರು. ಮುಂದೆ ಇಬ್ಬರೇ. ಕಟಕೋಳದ ಹುಡುಗಿ ಎತ್ತರದವಳು, ಕೈ ಬೀಸದೆ ತಣ್ಣಗೆ ಓಡುವವಳು. ನಮ್ಮವಳು ಅವಳ ಬೆನ್ನಿಗೆ.

ಹದಿನಾಲ್ಕನೆಯ ಸುತ್ತು ಮುಗಿದಾಗ ಗಂಟೆ ಬಾರಿಸಬೇಕಿತ್ತು. ಬಾರಿಸಲಿಲ್ಲ. ಆದರೂ ಇಬ್ಬರೂ ಹುಡುಗಿಯರು ಒಮ್ಮೆಲೇ ವೇಗ ಹೆಚ್ಚಿಸಿದರು. ಗಂಟೆ ಇಲ್ಲದೆಯೂ ಅವರಿಗೆ ಗೊತ್ತಿತ್ತು. ಕೊನೆಯ ತಿರುವಿನಲ್ಲಿ ನಮ್ಮವಳು ಸಮಕ್ಕೆ ಬಂದಳು, ಮತ್ತೆ ಹಿಂದಾದಳು. ಕಟಕೋಳದವಳು ಎಂಟು ಹೆಜ್ಜೆ ಮುಂದಾಗಿ ಗೆರೆ ದಾಟಿ, ಕೈ ಕೆಳಗೆ ಬಿಟ್ಟು, ನಡೆಯತೊಡಗಿದಳು. ನಮ್ಮವಳು ದಾಟಿದಾಗ ನಾನು ಗುಂಡಿ ಒತ್ತಿದೆ. ಹದಿನೈದು.

ಆಗ ಗಂಟೆ ಬಾರಿಸಿತು.

“ಇನ್ನೊಂದೈತಿ! ಓಡ್ರವಾ, ಓಡ್ರಿ!” ಮೇಜಿನ ಸುತ್ತಲಿನವರೆಲ್ಲ ಕೂಗಿದರು. ಕಟಕೋಳದವಳು ತಿರುಗಿ ನೋಡಿದಳು, ಏನೋ ಹೇಳಲು ಬಾಯಿ ತೆರೆದಳು, ಮತ್ತೆ ಓಡಿದಳು. ಆದರೆ ಕಾಲಲ್ಲಿ ಇದ್ದದ್ದನ್ನೆಲ್ಲ ಅವಳು ಆಗಲೇ ಸುರಿದಿದ್ದಳು. ನಮ್ಮವಳು ನಿಂತಿರಲಿಲ್ಲ. ಆ ಸುತ್ತಿನ ಅರ್ಧಕ್ಕೆ ಅವಳನ್ನು ದಾಟಿದಳು. ಇಪ್ಪತ್ತು ಹೆಜ್ಜೆ ಮುಂದಾಗಿ ಗೆರೆ ಮುಟ್ಟಿದಳು. ನಮ್ಮ ಶಾಲೆಯ ಮಕ್ಕಳು ದಾರಿಗೇ ನುಗ್ಗಿ ಕುಣಿದರು.

ಇಲ್ಲಿ ನಾನು ಮಾಡಿದ್ದನ್ನು ಇದ್ದ ಹಾಗೆ ಬರೆಯಬೇಕು. ಗಂಟೆ ಬಾರಿಸಿದಾಗ ನಾನು ಫೋನ್ ನೋಡಿದೆ. ಹದಿನೈದು ಎಂದಿತ್ತು. ಕೈ ಎತ್ತಿ ಕೂಗಬಹುದಿತ್ತು. ಮೇಜು ನನ್ನಿಂದ ಹತ್ತು ಹನ್ನೆರಡು ಹೆಜ್ಜೆ. ಕೂಗಲಿಲ್ಲ. ಫೋನನ್ನು ಪ್ಯಾಂಟಿನ ಬಲ ಜೇಬಿಗೆ ಹಾಕಿದೆ. ಹದಿನಾರನೆಯ ಸುತ್ತಿಗೆ ಗುಂಡಿ ಒತ್ತಲಿಲ್ಲ. ಗಂಟೆ ಬಾರಿಸುವುದು ಅವರ ಕೆಲಸ, ನನ್ನದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹುಡುಗಿ ಗೆದ್ದಾಗ ಮಕ್ಕಳ ಜೊತೆ ನಾನೂ ಚಪ್ಪಾಳೆ ತಟ್ಟಿದೆ.

ಕಟಕೋಳದ ಶಿಕ್ಷಕಿ ನೇರವಾಗಿ ಮೇಜಿಗೆ ಬಂದರು. ಮುಖ್ಯ ತೀರ್ಪುಗಾರರು ಕಿತ್ತೂರಿನವರು, ಮೆಲ್ಲಗೆ ಮಾತಾಡುವವರು. ಅವರ ಮುಂದೆ ನಿಂತು ಶಿಕ್ಷಕಿ ಹೇಳಿದರು: “ಸರ್, ಒಂದು ಸುತ್ತು ಹೆಚ್ಚ ಓಡಿಸೀರಿ. ನಮ್ಮಾಕಿ ಮುಗಿಸಿದ್ಲು.”

ಹಿಂದಿನಿಂದ ಯಾರೋ ಅಂದರು, “ಸೋತವರಿಗೆಲ್ಲಾ ಒಂದು ಸುತ್ತು ಹೆಚ್ಚ ಅನಸ್ತೈತ್ರಿ ಮೇಡಂ.” ನಗು ಎದ್ದಿತು.

ಶಿಕ್ಷಕಿ ತಿರುಗದೆಯೇ ಅಂದರು, “ಗೆದ್ದವರಿಗೆ ಕಡಿಮಿ ಅನಸ್ತೈತೇನ್ರಿ ಹಂಗಾರ?”

ಹಿರಿಯರಿಗೆ ಸಿಟ್ಟು ಬಂತು. “ನಲವತ್ತು ಸುಗ್ಗಿ ಕಣದಾಗ ಕುಂತು ಅಳದೇನಿ ತಂಗಿ. ಒಂದು ಸೇರು ಹೆಚ್ಚು-ಕಡಿಮಿ ಆಗಿದ್ದು ಯಾರರೇ ಹೇಳಲಿ ನೋಡೂಣು. ಇಲ್ಲೇ ಅದಾವ ಹರಳ. ಎಣಿಸಿಕೋರಿ.”

ಮೇಜಿನ ಮೇಲೆ ಹರಳುಗಳ ಗುಂಪು. ತೀರ್ಪುಗಾರರು ಒಂದೊಂದಾಗಿ ಸರಿಸಿ ಎಣಿಸಿದರು. ಹದಿನೈದು. ಎರಡನೆಯ ಸಲವೂ ಹದಿನೈದು. ಶಿಕ್ಷಕಿಯ ಮುಖ ಕಪ್ಪಿಟ್ಟಿತು. ಅವರ ಹುಡುಗಿ ನೆಲದ ಮೇಲೆ ಕೂತು ಮೊಣಕಾಲಿಗೆ ಹಣೆ ಹಚ್ಚಿದ್ದಳು.

ತೀರ್ಪುಗಾರರು ತಲೆ ಎತ್ತಿ ಸುತ್ತಲೂ ನೋಡಿದರು. “ಬ್ಯಾರೆ ಯಾರರೇ ಎಣಿಸೀರೇನ್ರಿ? ಎಣಿಸಿದ್ರ ಈಗ ಹೇಳ್ರಿ. ನಾ ಬರದ ಮ್ಯಾಲೆ ಬದಲ ಮಾಡಾಂವಲ್ಲ.”

ನಾನು ಅಷ್ಟು ಹೊತ್ತಿಗೆ ದಾರಿ ದಾಟಿ ಮೇಜಿನ ಹತ್ತಿರ ಬಂದಿದ್ದೆ. ಬಲಗೈ ಜೇಬಿನಲ್ಲಿತ್ತು. ಅದನ್ನು ಹೊರಗೆ ತೆಗೆಯಲಿಲ್ಲ. ತೀರ್ಪುಗಾರರು ಪೆನ್ನಿನ ಮುಚ್ಚಳ ತೆಗೆದರು.

“ಸರ್, ಹದಿನಾರ ಆಗ್ಯಾವ್ರಿ.”

ಅದು ನಮ್ಮ ಹುಡುಗಿ. ನೀರು ಕುಡಿದು ಬಂದಿದ್ದಳು. ಗದ್ದದಿಂದ ಇನ್ನೂ ನೀರು ಇಳಿಯುತ್ತಿತ್ತು.

“ನೀ ಗೆದ್ದೀಯವಾ, ಹೋಗಿ ಕುಂದ್ರ ಹೋಗು” ಎಂದರು ಯಾರೋ.

“ಇಲ್ರೀ. ನಾ ಬೆರಳಿನ ಮ್ಯಾಲ ಎಣಿಸೇನ್ರಿ. ಹದಿನೈದಕ್ಕ ಆಕಿ ಮುಂದ ಇದ್ಲು. ಗಂಟಿ ಹೊಡದ್ರಿ, ಅದಕ ನಾ ಮತ್ತ ಓಡಿದೆ.” ನಂತರ ನನ್ನ ಕಡೆ ತಿರುಗಿದಳು. “ನಮ್ಮ ಸರ್ ಫೋನಿನ್ಯಾಗ ಐತ್ರಿ, ಎಲ್ಲಾ ಸುತ್ತಿಂದೂ. ಸರ್, ತೋರಸ್ರಿ ಇವರಿಗೆ.”

ಅವಳ ದನಿಯಲ್ಲಿ ಯಾವ ಅನುಮಾನವೂ ಇರಲಿಲ್ಲ. ನಾನು ತೀರ್ಪುಗಾರರ ಪ್ರಶ್ನೆ ಕೇಳಿಸಿಕೊಂಡಿಲ್ಲ ಎಂದೇ ಅವಳು ತಿಳಿದಿದ್ದಳು.

ಫೋನ್ ತೆಗೆದು ಮೇಜಿನ ಮೇಲಿಟ್ಟೆ. ಹದಿನೈದು ಸುತ್ತುಗಳ ಸಾಲು ಇತ್ತು. ಹದಿನಾರನೆಯದು ಯಾರೂ ನಿಲ್ಲಿಸದೆ ಇನ್ನೂ ಓಡುತ್ತಲೇ ಇತ್ತು.

ತೀರ್ಪುಗಾರರು ಬಹಳ ಹೊತ್ತು ನೋಡಿದರು. “ಹದಿನೈದಕ್ಕ ಒತ್ತೀರಿ. ಮುಂದ ಒತ್ತಿಲ್ಲ. ಯಾಕ್ರಿ ಮಾಸ್ತರ?”

“ಗಂಟೆ ಬಾರಿಸಿದಾಗಲೇ ಹದಿನೈದು ಮುಗಿದದ್ದು ನನಗೆ ಗೊತ್ತಾಯಿತ್ರಿ” ಎಂದೆ. “ಗೊತ್ತಾದ ಮೇಲೆ ಜೇಬಿಗೆ ಹಾಕಿದೆ.”

ಅವರು ಫೋನನ್ನು ನನ್ನ ಕಡೆ ಸರಿಸಿದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಹಿರಿಯರು ಮಾತ್ರ ಹರಳುಗಳನ್ನೇ ನೋಡುತ್ತಿದ್ದರು. ಆಮೇಲೆ ಬಗ್ಗಿ ಮೇಜಿನ ಕಾಲಿನ ಬುಡಕ್ಕೆ ಕೈ ಹಾಕಿದರು. ಅಲ್ಲಿ ಒಂದೇ ಒಂದು ಹರಳು, ಬೇರೆಯಾಗಿ, ಪೂರ್ವದ ಬದಿಗೆ ಇಟ್ಟದ್ದು ಸಿಕ್ಕಿತು. ಅದನ್ನು ಅಂಗೈಯಲ್ಲಿ ಹಿಡಿದು ತೋರಿಸಿದರು. ನಮ್ಮ ಕಡೆಯ ಕಣಗಳಲ್ಲಿ ರಾಶಿ ಅಳೆಯುವಾಗ ಮೊದಲ ಸೇರು ದೇವರದು. ಅದನ್ನು ಪೂರ್ವಕ್ಕೆ ತೆಗೆದಿಟ್ಟು, ಅಲ್ಲಿಂದ ಮುಂದೆ ಎಣಿಕೆ ಶುರು ಮಾಡುತ್ತಾರೆ. ಅದು ಲೆಕ್ಕಕ್ಕೆ ಸೇರುವುದಿಲ್ಲ. ನಲವತ್ತು ಸುಗ್ಗಿಯ ಕೈ ಮೊದಲ ಸುತ್ತನ್ನೂ ಹಾಗೆಯೇ ತೆಗೆದಿಟ್ಟುಬಿಟ್ಟಿತ್ತು.

“ಇದು ದೇವರದು ಅಂತ ಇಟ್ಟೆ” ಎಂದರು. “ಇಟ್ಟಿದ್ದ ನನಗ ಖಬರ ಇಲ್ಲ ನೋಡ್ರಿ.”

“ಅಜ್ಜಾ, ದೇವರಿಗೂ ಒಂದು ಸುತ್ತು ಓಡಿಸಿದೆಲ್ಲೋ ಮಾರಾಯಾ!” ಎಂದು ಯಾರೋ ಅಂದದ್ದಕ್ಕೆ ಎಲ್ಲರೂ ನಕ್ಕರು. ಕಟಕೋಳದ ಶಿಕ್ಷಕಿಯೂ ನಕ್ಕರು. ಹಿರಿಯರು ನಗಲಿಲ್ಲ. ಎದ್ದು, ನೆಲದ ಮೇಲೆ ಕೂತಿದ್ದ ಹುಡುಗಿಯ ಹತ್ತಿರ ಹೋಗಿ, ಅಷ್ಟು ವಯಸ್ಸಿನವರು, ಕೈ ಮುಗಿದರು. “ತಪ್ಪಾತವಾ. ನಿನ್ನ ಕಾಲು ದಣಿಸಿದೆ.” ಅವಳು ಗಾಬರಿಯಾಗಿ ಎದ್ದು ಅವರ ಕಾಲು ಮುಟ್ಟಿದಳು.

ತೀರ್ಪುಗಾರರು ಇಬ್ಬರೂ ಹುಡುಗಿಯರನ್ನು ಕರೆದು ಹದಿನೈದನೆಯ ಸುತ್ತಿನಲ್ಲಿ ಎಷ್ಟು ಅಂತರವಿತ್ತು ಎಂದು ಕೇಳಿದರು.

“ಎಂಟು ಹೆಜ್ಜಿರಿ” ಎಂದಳು ನಮ್ಮವಳು.

“ಹತ್ತರಿ” ಎಂದಳು ಕಟಕೋಳದವಳು.

“ಏ, ಹತ್ತು ಎಲ್ಲಿದ್ವು ಬೇ? ಎಂಟ!”

“ನೀ ಹಿಂದ ಇದ್ದಿ, ನಿನಗ ಹೆಂಗ ಕಾಣಸ್ತು?”

“ಹಿಂದ ಇದ್ದವರಿಗೇ ಕಾಣಸ್ತೈತಿ. ಮುಂದಿನವರಿಗೆ ಬೆನ್ನಿಗೆ ಕಣ್ಣ ಇರತಾವೇನು?”

ತೀರ್ಪುಗಾರರು ಮೊದಲ ಸಲ ನಕ್ಕರು. ಬರೆದರು. ಪ್ರಥಮ, ಕಟಕೋಳ. ದ್ವಿತೀಯ, ಉಗರಗೋಳ.

ಸವದತ್ತಿಗೆ ಹೊರಟ ಬಸ್ಸಿನಲ್ಲಿ ಹುಡುಗಿ ನನ್ನ ಮುಂದಿನ ಸೀಟಿನಲ್ಲಿ ಕೂತಿದ್ದಳು. ಚುರುಮುರಿ ತಿಂದಳು, ಗೆಳತಿಯರ ಜೊತೆ ಜಗಳ ಮಾಡಿದಳು, ಕಿಟಕಿಯ ಕಡೆ ತಿರುಗಿದಳು. ಊರು ದಾಟಿದ ಮೇಲೆ ಹಿಂದೆ ತಿರುಗಿ ಸಣ್ಣ ದನಿಯಲ್ಲಿ ಕೇಳಿದಳು.

“ಸರ್, ಖರೇನ ಜೇಬಿನ್ಯಾಗ ಇಟ್ಟಿದ್ರೇನ್ರಿ? ಬೇಕಂತ?”

“ಹೌದವಾ.”

“ನನ್ನ ಸಲವಾಗಿ?”

“ಹೌದು ಅಂತ ಆಗ ಅನಿಸಿತ್ತು.”

ಅವಳು ಸ್ವಲ್ಪ ಹೊತ್ತು ಸೀಟಿನ ಕಬ್ಬಿಣದ ಮೇಲೆ ಹೆಬ್ಬೆರಳು ಆಡಿಸಿದಳು. “ಓಡೂಮುಂದ ನಾನೂ ಒಂದ ಸಲ ಅನ್ಕೊಂಡೆರಿ, ಗಂಟಿ ಖರೆ ಆಗ್ಲಿ, ನನ್ನ ಬೆರಳು ಸುಳ್ಳ ಆಗ್ಲಿ ಅಂತ. ಆಕೀನ್ನ ದಾಟಿದಾಗ ಆಕಿ ಅಳಾಕ ಹತ್ತಿದ್ಲರಿ. ಅಳಕೋತ ಓಡಾಕ ಹತ್ತಿದ್ಲು.” ಆಮೇಲೆ ಮುಂದೆ ತಿರುಗಿಕೊಂಡಳು.

ಸೋಮವಾರ ಪ್ರಾರ್ಥನೆಯ ಹೊತ್ತಿಗೆ ನಾನು ಈ ಸಂಗತಿಯನ್ನು, ನನ್ನ ಪಾಲಿನದನ್ನೂ ಸೇರಿಸಿ, ಮಕ್ಕಳ ಮುಂದೆ ಹೇಳಿದೆ. ಮುಖ್ಯೋಪಾಧ್ಯಾಯರು, ನಿಮ್ಮದನ್ನು ಹೇಳುವ ಅವಶ್ಯಕತೆ ಇರಲಿಲ್ಲ ಎಂದರು. ಹುಡುಗಿಯ ತಂದೆ ಸಂಜೆ ಅಂಗಡಿಯಲ್ಲಿ ನನ್ನನ್ನು ನೋಡಿ, “ಬರ್ರಿ, ಕುಂದರ್ರಿ” ಎಂದು ಚಹಾ ತರಿಸಿದರು; ಚಹಾ ಮುಗಿಯುವವರೆಗೂ ಓಟದ ಸುದ್ದಿ ಎತ್ತಲಿಲ್ಲ. ಎದ್ದು ಹೊರಟಾಗ ಮಾತ್ರ, “ಎರಡನೇದು ಆದ್ರೂ ಊರ ತುಂಬ ಆಕಿದ ಮಾತು ನೋಡ್ರಿ” ಎಂದರು. ಹಾಗೆನ್ನುವಾಗ ಅವರ ಎದೆ ಉಬ್ಬಿತ್ತು. ನನ್ನದೂ ಉಬ್ಬಿತ್ತು, ಆದರೆ ನನ್ನದರಲ್ಲಿ ಒಂದು ಮುಳ್ಳು ಇತ್ತು.

ಆ ವರ್ಷದಿಂದ ನಾಲ್ಕೂ ತಾಲೂಕಿನ ಶಿಕ್ಷಕರು ನಮ್ಮೊಳಗೇ ಒಂದು ರೂಢಿ ಮಾಡಿಕೊಂಡೆವು. ದೂರದ ಓಟದಲ್ಲಿ ಒಂದು ಶಾಲೆಯ ಮಕ್ಕಳ ಸುತ್ತನ್ನು ಇನ್ನೊಂದು ಶಾಲೆಯವರು ಎಣಿಸುತ್ತಾರೆ. ನಾನು ಕೇಳಿ ಕೇಳಿ ಕಟಕೋಳದ ಮಕ್ಕಳದನ್ನೇ ತೆಗೆದುಕೊಳ್ಳುತ್ತೇನೆ.

ಕಟಕೋಳದ ಹುಡುಗಿ ವಸತಿ ಶಾಲೆಗೆ ಆಯ್ಕೆಯಾದಳು. ಹೋದ ವರ್ಷ ರಾಜ್ಯಮಟ್ಟದ ಓಟದಲ್ಲಿ ಪದಕ ತಂದಳು. ಆ ಸುದ್ದಿಯನ್ನು ಪತ್ರಿಕೆಗೆ ಬರೆದದ್ದೂ ನಾನೇ. ನಮ್ಮ ಹುಡುಗಿ ಮರುವರ್ಷ ರಾಮದುರ್ಗದಲ್ಲಿ ಮತ್ತೆ ಎರಡನೆಯವಳಾದಳು. ಆ ಸಲ ಎಣಿಕೆ ಸರಿಯಾಗಿಯೇ ಇತ್ತು. ಹತ್ತನೆಯ ತರಗತಿಯನ್ನು ಒಳ್ಳೆಯ ಅಂಕದಲ್ಲಿ ಪಾಸು ಮಾಡಿ ಈಗ ಸವದತ್ತಿಯಲ್ಲಿ ಕಾಲೇಜು ಓದುತ್ತಿದ್ದಾಳೆ. ರವಿವಾರ ಬೆಳಿಗ್ಗೆ ಬಂದು ನಮ್ಮ ಶಾಲೆಯ ಸಣ್ಣ ಹುಡುಗಿಯರನ್ನು ಗುಡ್ಡದ ದಾರಿಯಲ್ಲಿ ಓಡಿಸುತ್ತಾಳೆ. ನನಗಿಂತ ಕಟ್ಟುನಿಟ್ಟು.

ಹರಳು ಇಟ್ಟ ಹಿರಿಯರು ಎರಡು ವರ್ಷದ ಹಿಂದೆ ತೀರಿಕೊಂಡರು. ಬರೆಯುವ ಶಿಕ್ಷಕರು ಅಂದು ಉದ್ದ ಜಿಗಿತದ ಹೊಂಡದ ಹತ್ತಿರವಿದ್ದರು, ಇದನ್ನು ನೋಡಿಲ್ಲ. ನೋಡಿದವರಲ್ಲಿ ಮುಖ್ಯ ತೀರ್ಪುಗಾರರು ನಿವೃತ್ತರಾಗಿ ಕಿತ್ತೂರಿನಲ್ಲಿದ್ದಾರೆ. ಫೋನ್ ಮಾಡಿದರೆ ಎತ್ತುತ್ತಾರೆ. ಇಬ್ಬರೂ ಹುಡುಗಿಯರಿದ್ದಾರೆ, ಎಂಟೋ ಹತ್ತೋ ಎಂಬುದು ಅವರಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಕಟಕೋಳದ ಶಿಕ್ಷಕಿ ಇದ್ದಾರೆ, ಅದೇ ಶಾಲೆಯಲ್ಲಿ. ಇದನ್ನು ಬರೆಯುವ ಮೊದಲು ಅವರಿಗೆ ಓದಿ ಹೇಳಲೇ ಎಂದು ಕೇಳಿದೆ. “ಬ್ಯಾಡ್ರಿ. ನೀವು ಫೋನ ಜೇಬಿಗೆ ಹಾಕಿದ್ದು ನಾ ತಿರುವಿನ್ಯಾಗಿಂದ ಅವತ್ತ ನೋಡೇನಿ” ಎಂದರು. ಹಾಗಾದರೆ ಮೇಜಿನ ಮುಂದೆ ಯಾಕೆ ಹೇಳಲಿಲ್ಲ ಎಂದೆ. “ನೀವ ಹೇಳ್ತೀರಿ ಅಂತ ಕಾಯಾಕ ಹತ್ತಿದ್ದೆ” ಎಂದರು.